ಪಿಂಚಣಿ ಮನೆಗೆ, ಹೊಲದ ದುಡ್ಡು ಹೊಲಕ್ಕೆ

ಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾಗಿ ಬಂದ ಮೇಲೆ ಹಿರಿಯೂರು ತಾಲ್ಲೂಕಿನಲ್ಲಿ ನನಗೆ 4 ಎಕರೆ ಮಂಜೂರಾಯಿತು. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಮೀಸಲು ಇದೆ, ಅದರಡಿ ಸಿಕ್ಕ ಜಮೀನು. ಕೆಂಪು ಗರಸು ನೆಲ, ತುಂಬಾ ಬಳ್ಳಾರಿ ಜಾಲಿ. ವಾಣಿವಿಲಾಸ ಸಾಗರ ಇದೇ ತಾಲ್ಲೂಕಿನಲ್ಲಿದ್ದರೂ ಅದರ ನಾಲೆ ನಮ್ಮ ಕಡೆ ಬರುವುದಿಲ್ಲ. ಏನಿದ್ದರೂ ಮಳೆಯನ್ನೇ ನಂಬಬೇಕು.

ನೇಗಿಲಿಗಿಂತ ಮೊದಲು ನಾನು ಕೈಗೆತ್ತಿಕೊಂಡದ್ದು ಕಾಗದಪತ್ರ. ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಬಂದರೆ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಆದರೆ ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಜನಕ್ಕೆ ಮಂಜೂರಾಗಿರುತ್ತದೆ. ಪೋಡಿ, ಅಂದರೆ ಒಬ್ಬೊಬ್ಬರ ಪಾಲನ್ನೂ ಅಳೆದು ಬೇರೆ ಮಾಡುವುದು, ಆಗದಿದ್ದರೆ ಪಹಣಿಯಲ್ಲಿ ಎಲ್ಲರ ಹೆಸರೂ ಒಟ್ಟಿಗೇ ಕೂತಿರುತ್ತದೆ. ನಮ್ಮ ಬದು ಎಲ್ಲಿ ಅಂತ ಯಾರೂ ಹೇಳಲಾರರು, ಬ್ಯಾಂಕಿನವರೂ ಬೆಳೆ ಸಾಲಕ್ಕೆ ಹಿಂದೆ ಮುಂದೆ ನೋಡುತ್ತಾರೆ. ಅಕ್ಕಪಕ್ಕದವರನ್ನೆಲ್ಲ ಸೇರಿಸಿಕೊಂಡು ಅರ್ಜಿ ಹಾಕಿದೆವು. ಸರ್ವೆಯವರು ಅಳೆದು, ಕಲ್ಲು ನೆಟ್ಟು, ಹೊಸ ಹಿಸ್ಸಾ ನಂಬರ್ ಬಂದ ಮೇಲೆಯೇ ಜೆಸಿಬಿ ಕರೆಸಿದೆ.

ಜಾಲಿಯನ್ನು ಬುಡಸಮೇತ ಕೀಳಿಸಬೇಕು. ಸುಮ್ನೆ ಕಡಿದರೆ ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಆಯ್ದ ಕಲ್ಲನ್ನು ಇಳಿಜಾರಿಗೆ ಅಡ್ಡವಾಗಿ ಪೇರಿಸಿ ಬದು ಹಾಕಿದೆ. ಬೇಸಿಗೆಯಲ್ಲಿ ಕೆರೆ ಗೋಡು (ಹೂಳು ಮಣ್ಣು) ಹೊಡೆಸಿ, ಕುರಿ ಮಂದೆ ನಿಲ್ಲಿಸಿದೆ. ಬೆಳಿಗ್ಗೆ ಮಂದೆ ಎದ್ದು ಹೋದ ಜಾಗದಲ್ಲಿ ಹಿಕ್ಕೆ, ಗಂಜಲ ಒಂದೇ ಸಮ ಹರಡಿರುತ್ತದೆ. ಬಿಸಿಲಿಗೆ ಒಣಗುವ ಮೊದಲೇ ಉತ್ತು ಮಣ್ಣಿಗೆ ಸೇರಿಸಬೇಕು. ಮಂದೆ ನಿಂತ ಪಟ್ಟಿಯಲ್ಲಿ ರಾಗಿ ಎಷ್ಟು ಕರ್ರಗೆ ಬರುತ್ತದೆ ಅಂದರೆ, ದೂರದಿಂದಲೇ ಗೆರೆ ಕಾಣುತ್ತದೆ.

ಇನ್ನು ದುಡ್ಡಿನ ಮಾತು. ನಮ್ಮಂಥವರ ಕೈಗೆ ಗ್ರ್ಯಾಚುಯಿಟಿ, ಪಿಎಫ್, ಕಮ್ಯುಟೇಷನ್ (ಪಿಂಚಣಿಯ ಒಂದು ಪಾಲು ಬಿಟ್ಟುಕೊಟ್ಟು ಮೊದಲೇ ಪಡೆಯುವ ಇಡುಗಂಟು) ಎಲ್ಲ ಒಟ್ಟಿಗೆ ಬರುತ್ತದೆ. ಬೋರ್ ಕೊರೆಸಿ ಅಡಿಕೆ ಹಾಕಿ ಅನ್ನುವವರು ಮನೆ ಬಾಗಿಲಿಗೇ ಬರುತ್ತಾರೆ. ಇಲ್ಲಿ ನೀರು ಬೀಳುತ್ತದೆ ಅಂತ ಯಾರು ಬರೆದುಕೊಡುತ್ತಾರೆ? ನೆಲ ಹಸನು ಮಾಡುವ ಖರ್ಚಿಗೆ ಮಾತ್ರ ತೆಗೆದು, ಉಳಿದದ್ದನ್ನು ಠೇವಣಿ ಇಟ್ಟೆ. ಬೋರ್ ಬದಲು ಸಹಾಯಧನದಲ್ಲಿ ಕೃಷಿ ಹೊಂಡ ತೆಗೆಸಿದೆ. ಹೊಲಕ್ಕೇ ಒಂದು ಬೇರೆ ಖಾತೆ ತೆರೆದೆ. ಪಿಂಚಣಿ ಅದಕ್ಕೆ ಹೋಗುವುದಿಲ್ಲ, ಅದರಿಂದ ಮನೆಗೂ ತೆಗೆಯುವುದಿಲ್ಲ. ಬಿತ್ತನೆಗೆ ಬೆಳೆ ಸಾಲ ತರುತ್ತೇನೆ. 3 ಲಕ್ಷದವರೆಗೆ ಶೇ 7 ಬಡ್ಡಿ, ವಾಯಿದೆಯೊಳಗೆ ಕಟ್ಟಿದರೆ ಶೇ 4. ಪಿಂಚಣಿ ತಿಂಗಳಿಗೆ 10,000 ರೂಪಾಯಿ ಮುಟ್ಟಿದರೆ ಪಿಎಂ ಕಿಸಾನ್‌ನ ವರ್ಷದ 6,000 ನಮಗಿಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

2024-25ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎಕರೆಗೆ 8 ಕ್ವಿಂಟಲ್ ಬಂದರೆ 34,320. ಉಳುಮೆ, ಕಳೆ, ಕೊಯ್ಲು, ಒಕ್ಕಣೆಗೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಖರೀದಿ ಕೇಂದ್ರಕ್ಕೆ ಹಾಕಲು ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಬೇಕು. ಇಲ್ಲದಿದ್ದರೆ ವ್ಯಾಪಾರಿ ಹೇಳಿದ್ದೇ ಬೆಲೆ. ರಾಗಿಯ ನಡುವೆ ಹಾಕುವ ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳು ಮನೆಗಾಗುತ್ತದೆ. ಮಳೆ ಕೈಕೊಟ್ಟ ವರ್ಷ ಮೇವಾದರೂ ದಕ್ಕುತ್ತದೆ, ಅದಕ್ಕೇ ಎರಡು ಎಮ್ಮೆ ಕಟ್ಟಿದ್ದೇವೆ. ಹಾಲಿನ ದುಡ್ಡು ನನ್ನ ಹೆಂಡತಿಯ ಕೈಯಲ್ಲಿ, ಆ ಲೆಕ್ಕ ನನ್ನದಕ್ಕಿಂತ ಚೊಕ್ಕ.

ಕಮ್ಯುಟೇಷನ್‌ಗೆ ಕೊಟ್ಟ ಪಾಲು ಪಿಂಚಣಿಗೆ ಮತ್ತೆ ಸೇರುವುದು 15 ವರ್ಷಕ್ಕೆ. ಅಲ್ಲಿಯವರೆಗೆ ತಿಂಗಳ ಕೈ ಬಿಗಿಯೇ, ಅಲ್ವಾ? ಅದನ್ನು ನೋಡಿಯೇ ಬದುವಿನ ಮೇಲೆ ಕಸಿ ಹುಣಸೆ ನೆಟ್ಟೆ. ನೀರು ಹೆಚ್ಚು ಕೇಳುವುದಿಲ್ಲ, ಬೀಜದ ಗಿಡಕ್ಕಿಂತ ಬೇಗ ಕಾಯಿ ಹಿಡಿಯುತ್ತದೆ, ಹಣ್ಣಿಗೆ ಹಿರಿಯೂರಿನಲ್ಲಿ ಗಿರಾಕಿ ಇದ್ದಾರೆ.