ಡರ್ಟ್ ಬೈಕ್ ಬಿಟ್ಟು ಇ-ಎಂಟಿಬಿ ಹತ್ತುವ ಮುಂಚೆ ಎಡಗೈಗೆ ಸ್ವಲ್ಪ ಬುದ್ಧಿ ಹೇಳಿ

ಮೊದಲ ದಿನವೇ ಬಿದ್ದೆ. ಅದೂ ಎಂಥ ಜಾಗದಲ್ಲಿ ಗೊತ್ತಾ, ಸ್ಕೂಲ್ ಹುಡುಗರು ಕೈ ಬಿಟ್ಟು ಸೈಕಲ್ ಇಳಿಸುವಂಥ ತೋಟದ ಇಳಿಜಾರಿನಲ್ಲಿ. ಸಕಲೇಶಪುರದ ಕಡೆಯ ಜೀಪ್ ರೋಡುಗಳಲ್ಲಿ ಮಣ್ಣು ದಾರಿಗೆ ಅಂತ ಮಾಡಿದ ಹೀರೋ ಬೈಕುಗಳನ್ನು, ಮೊದಲು ಇಂಪಲ್ಸ್, ಆಮೇಲೆ ಎಕ್ಸ್‌ಪಲ್ಸ್ ಅಂತ ಹತ್ತು ಹನ್ನೆರಡು ವರ್ಷ ಓಡಿಸಿ, ಒಂದು ಸಲ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು, ಕೆಸರಿನಿಂದ ನೂರೈವತ್ತು ಕೆಜಿ ಎತ್ತುವ ಕೆಲಸ ಇನ್ನು ಸಾಕಪ್ಪಾ ಅನ್ನಿಸಿ ಇ-ಎಂಟಿಬಿ ತಗೊಂಡವನು ನಾನು. ಇ-ಎಂಟಿಬಿ ಅಂದರೆ ಬ್ಯಾಟರಿ, ಮೋಟರ್ ಇರುವ ಮೌಂಟನ್ ಬೈಕ್, ಅಷ್ಟೇ. ಒಂದು ತಿರುವಿನಲ್ಲಿ ಸಣ್ಣ ಗಾಬರಿ ಆಯಿತು, ಎಡಗೈ ನನ್ನನ್ನು ಕೇಳದೆ ಕ್ಲಚ್ ಹಿಡಿಯಿತು. ಕ್ಲಚ್ ಎಲ್ಲಿದೆ ಅಲ್ಲಿ? ಅದು ಹಿಂದಿನ ಬ್ರೇಕು. ಚಕ್ರ ಲಾಕ್ ಆಗಿ ತರಗೆಲೆ ಮೇಲೆ ಜಾರಿ ಸೀದಾ ಕಾಫಿ ಗಿಡದೊಳಗೆ ಹೋದೆ.

ಡರ್ಟ್ ಬೈಕ್‌ನಿಂದ ಬರುವವರಿಗೆ ದಾರಿ ಓದುವ ಕಣ್ಣು ಆಗಲೇ ಇರುತ್ತದೆ. ಎಲ್ಲಿ ಕೆಮ್ಮಣ್ಣು ಜಾರುತ್ತದೆ, ಯಾವ ಕಲ್ಲು ಅಲ್ಲಾಡುತ್ತದೆ, ಹಾವಸೆ ಕಟ್ಟಿದ ಬಂಡೆಯ ಮೇಲೆ ಹ್ಯಾಂಡಲ್ ತಿರುಗಿಸಬಾರದು, ಇದನ್ನೆಲ್ಲ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ತೊಂದರೆ ಇರುವುದು ಕೈಕಾಲುಗಳಲ್ಲಿ. ಅವಕ್ಕೆ ಹಳೆ ಅಭ್ಯಾಸ ಇದೆ, ನಿಮಗಿಂತ ಬೇಗ ಕೆಲಸ ಮಾಡುತ್ತವೆ.

ಅದಕ್ಕೇ ಮೊದಲ ಕೆಲಸ ಬ್ರೇಕಿನದು. ಬೈಕಿನಲ್ಲಿ ಬಲಗೈ ಮುಂದಿನ ಬ್ರೇಕು, ಬಲಗಾಲು ಹಿಂದಿನ ಬ್ರೇಕು, ಎಡಗೈ ಕ್ಲಚ್. ಸೈಕಲ್‌ನಲ್ಲಿ ಎರಡೂ ಬ್ರೇಕು ಕೈಯಲ್ಲೇ. ನಮ್ಮ ಕಡೆ ಸಾಮಾನ್ಯವಾಗಿ ಬಲಗೈ ಮುಂದಿನದು. ಆದರೆ ಅಮೆರಿಕ, ಯುರೋಪಿನ ಹೆಚ್ಚಿನ ಕಡೆ ಎಡಗೈ ಮುಂದಿನದು, ಹೊರಗಿನಿಂದ ಯಾರೋ ತಂದ ಸೈಕಲ್ಲೋ ಸೆಕೆಂಡ್ ಹ್ಯಾಂಡೋ ಆದರೆ ಹಾಗೇ ಇರಬಹುದು. ನನಗೆ ಆದದ್ದು ಅಂಥ ಸೈಕಲ್ ಮೇಲೆ ಆಗಿದ್ದರೆ ಹ್ಯಾಂಡಲ್ ದಾಟಿ ಮುಂದಕ್ಕೆ ಹಾರಿರುತ್ತಿದ್ದೆ. ಹತ್ತುವ ಮುಂಚೆ ನಿಂತಲ್ಲೇ ಒಂದೊಂದೇ ಲಿವರ್ ಒತ್ತಿ ಮುಂದಕ್ಕೆ ತಳ್ಳಿ ನೋಡಿ. ಎಡಗೈಯಲ್ಲಿ ಮುಂದಿನ ಬ್ರೇಕು ಇದ್ದರೆ ಸೈಕಲ್ ಶಾಪಿನಲ್ಲಿ ಅದಲು ಬದಲು ಮಾಡಿಸಿಕೊಳ್ಳಿ, ಅಭ್ಯಾಸ ಆಗುತ್ತೆ ಬಿಡು ಅಂತ ಬಿಡಬೇಡಿ. ಮೊದಲ ಒಂದು ವಾರ ಅಂಗಳದಲ್ಲೇ ಎಂಟರ ಆಕಾರದಲ್ಲಿ ಸುತ್ತುತ್ತಾ ಎಡಗೈಯ ತೋರುಬೆರಳು ಒಂದನ್ನೇ ಲಿವರ್ ಮೇಲೆ ಇಟ್ಟು ಮೆಲ್ಲಗೆ ಒತ್ತಿ ಬಿಡುವುದನ್ನು ಕಲಿಯಿರಿ. ನಾಲ್ಕು ಬೆರಳು ಇಟ್ಟರೆ ಕೈ ಅದನ್ನು ಕ್ಲಚ್ ಅಂತಲೇ ತಿಳಿಯುತ್ತದೆ. ಮನೆಯವರು ನಗುತ್ತಾರೆ, ನಗಲಿ.

ಇನ್ನು ಮೋಟರ್. ಇಲ್ಲಿ ಡರ್ಟ್ ಬೈಕಿನವರು ಕಾಗದದ ಮೇಲಿನ ಅಂಕಿ ನೋಡಿ ಮೋಸ ಹೋಗುತ್ತಾರೆ. ಬಾಷ್ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್, ಶಿಮಾನೊ ಇಪಿ8, ಇಂಥ ಮೋಟರ್‌ಗಳ ಟಾರ್ಕ್, ಅಂದರೆ ತಿರುಗಿಸುವ ಬಲ, 85 ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ. ಎಕ್ಸ್‌ಪಲ್ಸ್‌ನದು ಸುಮಾರು 17. ಅಬ್ಬಾ, ಐದು ಪಟ್ಟು ಅಂತ ಕುಣಿಯಬೇಡಿ. ಸೈಕಲ್ ಮೋಟರ್‌ನ ಲೆಕ್ಕ ಪೆಡಲ್ ಅಚ್ಚಿನದು, ಅದು ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸುತ್ತು ಅಷ್ಟೇ ತಿರುಗುವುದು. ಬೈಕಿನ ಲೆಕ್ಕ ಸಾವಿರಾರು ಸುತ್ತು ತಿರುಗುವ ಎಂಜಿನ್‌ನದು, ಗೇರುಗಳು ಅದನ್ನು ಹೆಚ್ಚಿಸುವ ಮುಂಚಿನದು. ಸರಿಯಾದ ಹೋಲಿಕೆ ಬೇಕಿದ್ದರೆ ಹಾರ್ಸ್‌ಪವರ್ ನೋಡಿ. ಎಕ್ಸ್‌ಪಲ್ಸ್ ನಾಲ್ಕು ವಾಲ್ವಿನದು ಸುಮಾರು 19. ಸಿಎಕ್ಸ್ ಮೋಟರ್ ಜೋರಾಗಿ ತಳ್ಳುವಾಗ 600 ವ್ಯಾಟ್, ಅಂದರೆ ಒಂದು ಹಾರ್ಸ್‌ಪವರ್ ಕೂಡ ಇಲ್ಲ. ಉಳಿದದ್ದು ನಿಮ್ಮ ಕಾಲು. ಸೈಕಲ್ ತೂಕ 22ರಿಂದ 25 ಕೆಜಿ ಇರುವುದರಿಂದ ಅಷ್ಟರಲ್ಲೇ ಏರು ಹತ್ತುತ್ತದೆ, ಆಶ್ಚರ್ಯ ಆಗುವಷ್ಟು ಚೆನ್ನಾಗಿಯೇ ಹತ್ತುತ್ತದೆ.

ಒಳ್ಳೆ ಇ-ಎಂಟಿಬಿಯಲ್ಲಿ ಆಕ್ಸಿಲರೇಟರ್ ಇರುವುದಿಲ್ಲ. ಪೆಡಲ್ ಮೇಲೆ ನೀವು ಎಷ್ಟು ಒತ್ತುತ್ತೀರಿ ಅಂತ ಸೆನ್ಸರ್ ಅಳೆದು, ಅದಕ್ಕೆ ತಕ್ಕ ಹಾಗೆ ಮೋಟರ್ ಸೇರಿಸುತ್ತದೆ. ಹಾಗಾಗಿ ಕಾಲೇ ಆಕ್ಸಿಲರೇಟರ್. ಕಡಿದಾದ ಏರು ಬಂದಾಗ ಬೈಕಿನಲ್ಲಿ ದೂರದಿಂದಲೇ ವೇಗ ತಗೊಂಡು, ರೇಸ್ ಕೊಟ್ಟು ಹತ್ತಿಸುತ್ತೇವೆ ಅಲ್ವಾ, ಇಲ್ಲಿ ಅದು ನಡೆಯುವುದಿಲ್ಲ. ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬನ್ನಿ, ಕಾಲು ಚುರುಕಾಗಿ ತಿರುಗುತ್ತಿರಲಿ, ನಿಮಿಷಕ್ಕೆ ಎಪ್ಪತ್ತರಿಂದ ತೊಂಬತ್ತು ಸುತ್ತು. ಭಾರದ ಗೇರಿನಲ್ಲಿ ಹಲ್ಲು ಕಚ್ಚಿ ತುಳಿದರೆ ಮೋಟರ್ ಬಿಸಿ ಆಗುತ್ತದೆ, ಬ್ಯಾಟರಿ ಸುಮ್ನೆ ಖಾಲಿ ಆಗುತ್ತದೆ, ಚೈನೂ ಸವೆಯುತ್ತದೆ. ಗೇರು ಬದಲಿಸುವ ಕ್ಷಣ ಮಾತ್ರ ಕಾಲಿನ ಒತ್ತಡ ಸ್ವಲ್ಪ ಸಡಿಲ ಬಿಡಿ. ಕ್ಲಚ್ ಇಲ್ಲದ ಗಾಡಿಗೆ ನಿಮ್ಮ ಕಾಲೇ ಕ್ಲಚ್ ಅಂತ ಇಟ್ಟುಕೊಳ್ಳಿ. ಪೂರ್ತಿ ಒತ್ತಡದಲ್ಲೇ ಗೇರು ಹಾಕಿದರೆ ಕಟಕ್ ಅನ್ನುವ ಒಂದು ಸದ್ದು ಬರುತ್ತದೆ, ಆ ಸದ್ದಿನಿಂದ ನಾನು ಒಂದು ಚೈನ್ ಕಳೆದುಕೊಂಡು ಐದು ಕಿಲೋಮೀಟರ್ ತಳ್ಳಿಕೊಂಡು ಬಂದಿದ್ದೇನೆ.

ಒಂದು ವಿಷಯ ಹೇಳಲೇಬೇಕು, ಈ ಕಾಲಿಗೆ ಮೋಟರ್ ಜೊತೆ ಕೊಡುವ ಸೈಕಲ್ ಮೊದಲು ಮಾರುಕಟ್ಟೆಗೆ ತಂದದ್ದು ಬೈಕ್ ಮಾಡುವ ಯಮಹಾನೇ, 1993ರಲ್ಲಿ. ಹಾಗಾಗಿ ಇದೇನು ಬೈಕಿನವರ ಮರ್ಯಾದೆಗೆ ಕಡಿಮೆ ಅಂತ ಸಂಕೋಚ ಬೇಡ.

ಇಳಿಜಾರಿಗೆ ಬರೋಣ, ಬೀಳುವುದು ಅಲ್ಲಿ ತಾನೆ. ಎಂಜಿನ್ ಬ್ರೇಕಿಂಗ್ ಅನ್ನುವುದು ಇಲ್ಲವೇ ಇಲ್ಲ. ಬೈಕಿನಲ್ಲಿ ಎರಡನೇ ಗೇರಿನಲ್ಲಿ ಬಿಟ್ಟರೆ ಅದೇ ಹಿಡಿದುಕೊಂಡು ಇಳಿಯುತ್ತದೆ. ಇಲ್ಲಿ ಪೆಡಲ್ ನಿಲ್ಲಿಸಿದರೆ ಚಕ್ರ ಸಡಿಲವಾಗಿ ಓಡುತ್ತದೆ, ಮೇಲಿಂದ ಕೆಳಗಿನವರೆಗೂ ಎಲ್ಲ ಕೆಲಸ ಎರಡು ಸಣ್ಣ ಡಿಸ್ಕುಗಳದ್ದು. ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಬಂದರೆ ಪ್ಯಾಡು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಲಿವರ್ ಒತ್ತಿದರೂ ಹಿಡಿಯುವುದಿಲ್ಲ. ನೆಟ್ಟಗಿನ ಜಾಗದಲ್ಲಿ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ಕೊಳ್ಳುವಾಗಲೇ 200 ಮಿಲಿಮೀಟರ್ ಆಸುಪಾಸಿನ ಡಿಸ್ಕು, ನಾಲ್ಕು ಪಿಸ್ಟನ್ ಕ್ಯಾಲಿಪರ್ ಇದೆಯೇ ನೋಡಿ. ಬಣ್ಣ ಆಮೇಲೆ ನೋಡಿದರಾಯಿತು.

ತಿರುವಿನಲ್ಲಿ ಒಳಗಿನ ಕಾಲು ಮುಂದಕ್ಕೆ ಚಾಚಿ, ಟ್ಯಾಂಕ್ ಹತ್ತಿರ ಕೂತು ಹೋಗುವುದು ನಮ್ಮ ಹಳೆ ಚಾಳಿ. ಇಲ್ಲಿ ಕೂರಬೇಡಿ. ಸೀಟು ಕೆಳಗಿಳಿಸುವ ಡ್ರಾಪರ್ ಪೋಸ್ಟ್ ಅಂತ ಒಂದು ಇರುತ್ತದೆ, ಎಡ ಹೆಬ್ಬೆರಳಲ್ಲಿ ಒತ್ತಿ ಸೀಟನ್ನು ಇಳಿಸಿ, ಪೆಡಲ್ ಮೇಲೆ ನಿಲ್ಲಿ, ಸೊಂಟ ಹಿಂದಕ್ಕೆ ಬಾಗಲಿ. ತಿರುವಿನ ಹೊರಗಿನ ಕಾಲು ಕೆಳಗೆ, ಭಾರವೆಲ್ಲ ಅದರ ಮೇಲೆ, ಸೈಕಲ್ ನಿಮ್ಮ ಕೆಳಗೆ ವಾಲಲಿ. ನೆಟ್ಟಗೆ ಕಲ್ಲಿನ ಮೇಲೆ ಇಳಿಯುವಾಗ ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಲಿ. ಬೈಕಿನ ಫುಟ್‌ರೆಸ್ಟ್ ಇದ್ದಲ್ಲೇ ಇರುತ್ತದೆ, ಪೆಡಲ್ ಸುತ್ತುತ್ತದೆ, ಆ ವ್ಯತ್ಯಾಸ ಗೊತ್ತಾಗುವುದು ಪೆಡಲ್ ಕಲ್ಲಿಗೆ ಬಡಿದು ಸೈಕಲ್ ಪಕ್ಕಕ್ಕೆ ಎಗರಿದಾಗ. ಏರಿನಲ್ಲಿ ಕಲ್ಲು ಸಿಕ್ಕರೆ ಪೂರ್ತಿ ಸುತ್ತು ತುಳಿಯದೆ ಅರ್ಧರ್ಧ ಸುತ್ತು ಹಿಂದೆ ಮುಂದೆ ಮಾಡಿ ದಾಟಿಸಿ. ಈ ಒಂದು ಚಾಕಚಕ್ಯತೆ ಬರಲು ನನಗೆ ಒಂದು ತಿಂಗಳು ಹಿಡಿಯಿತು.

ಸಸ್ಪೆನ್ಷನ್ ಬಗ್ಗೆ ನಿಮಗೆ ಗೊತ್ತಿರುವುದೇ ಜಾಸ್ತಿ, ಆದರೆ ಇಲ್ಲಿ ಸ್ಪ್ರಿಂಗ್ ಬದಲು ಗಾಳಿ. ಒಂದು ಶಾಕ್ ಪಂಪ್ ಕೊಳ್ಳಿ. ಬ್ಯಾಗು, ನೀರು ಎಲ್ಲ ಹಾಕಿಕೊಂಡು ನಿಂತಾಗ ಒಟ್ಟು ಕುಸಿಯಬಲ್ಲಷ್ಟರಲ್ಲಿ ಹಿಂದಿನದು 25ರಿಂದ 30 ಶೇಕಡಾ, ಮುಂದಿನದು 15ರಿಂದ 20 ಶೇಕಡಾ ಕುಸಿಯುವ ಹಾಗೆ ಗಾಳಿ ಹಾಕಿ. ಮೋಟೋಕ್ರಾಸ್ ಬೈಕಿನ 300 ಮಿಲಿಮೀಟರ್ ಆಟ ಇಲ್ಲಿಲ್ಲ, ಇರುವುದು 140, 160. ಮತ್ತೆ ತೂಕದ ಲೆಕ್ಕ ತಲೆಕೆಳಗು: ಬೈಕಿನಲ್ಲಿ ಗಾಡಿ ನಿಮಗಿಂತ ಭಾರ, ಇಲ್ಲಿ ನೀವು ಗಾಡಿಗಿಂತ ಮೂರು ಪಟ್ಟು ಭಾರ. ಮೊಣಕೈ ಮೊಣಕಾಲು ಬಿಗಿ ಹಿಡಿದು ನಿಂತರೆ ಯಾವ ಶಾಕ್ ಅಬ್ಸಾರ್ಬರ್ ಕೂಡ ಕಾಪಾಡುವುದಿಲ್ಲ. ಟೈರ್ ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸಣ್ಣ ತೂತು ತಾನೇ ಮುಚ್ಚುವ ಸೀಲಂಟ್ ಹಾಕಿಸಿ, ಗಾಳಿ 20ರಿಂದ 28 ಪಿಎಸ್ಐ ಒಳಗೆ ನಿಮ್ಮ ತೂಕ ನೋಡಿಕೊಂಡು. ಮಲೆನಾಡಿನಲ್ಲಿ ಟ್ಯೂಬು ಹೇಗೋ ನಡೆದೀತು, ಬಯಲುಸೀಮೆ ಕಡೆ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಇರುವಲ್ಲಿ ಟ್ಯೂಬ್ ಹಾಕಿ ಹೋದರೆ ಪಂಕ್ಚರ್ ಹಾಕುವುದೇ ಕೆಲಸ.

ಹಳೆ ಸಾಮಾನಿನಲ್ಲಿ ಗ್ಲೌಸು, ಗಾಗಲ್ಸ್ ಇಟ್ಟುಕೊಳ್ಳಿ. ಬೂಟು ನಡೆಯಲ್ಲ, ಅದರಲ್ಲಿ ಪಾದ ಮಡಚುವುದೇ ಇಲ್ಲ. ಹೆಲ್ಮೆಟ್ಟೂ ಅಷ್ಟೇ, ಏರು ತುಳಿಯುವಾಗ ತಲೆ ಬೇಯುತ್ತದೆ, ಗಾಳಿ ಆಡುವ ಸೈಕಲ್ ಫುಲ್ ಫೇಸ್ ತಗೊಳ್ಳಿ.

ಬ್ಯಾಟರಿ ಲೆಕ್ಕ ಸ್ವಲ್ಪ ಕೂತು ಅರ್ಥ ಮಾಡಿಕೊಳ್ಳಿ, ಇದು ಪೆಟ್ರೋಲ್ ಬಂಕ್ ಇಲ್ಲದ ಊರು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9,000 ವ್ಯಾಟ್ ಅವರ್ ಶಕ್ತಿ ಇರುತ್ತದೆ. ನಿಮ್ಮ ಬ್ಯಾಟರಿ 500 ವ್ಯಾಟ್ ಅವರ್‌ದು ಅಂದುಕೊಳ್ಳಿ. ಅಂದರೆ ಬೈ-ಟು ಕಾಫಿ ಲೋಟದಲ್ಲಿ ಹಿಡಿಯುವಷ್ಟು ಪೆಟ್ರೋಲ್, ಅಷ್ಟೇ ನಿಮ್ಮ ಟ್ಯಾಂಕು! ಎಂಜಿನ್ ಅದರಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಹಾಳು ಮಾಡುತ್ತದೆ, ಮೋಟರ್ ಹಾಗೆ ಮಾಡಲ್ಲ, ಅದಕ್ಕೇ ಈ ಲೋಟದಲ್ಲಿ ಬೆಟ್ಟ ಹತ್ತಬಹುದು. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ಸುಮಾರು 1,930. ನೀವು, ಸೈಕಲ್, ನೀರು ಸೇರಿ ನೂರು ಕೆಜಿ ಅಂದುಕೊಂಡರೆ ಆ 840 ಮೀಟರ್ ಎತ್ತುವುದಕ್ಕೇ 230 ವ್ಯಾಟ್ ಅವರ್ ಬೇಕು, ದಾರಿಯ ತಿಕ್ಕಾಟ ಬೇರೆ. ಟರ್ಬೊ ಮೋಡಿನಲ್ಲಿ ಮುಕ್ಕಾಲು ಕೆಲಸ ಮೋಟರ್‌ಗೆ ಬಿಟ್ಟರೆ ನನ್ನ ಲೆಕ್ಕದಲ್ಲಿ ಅರ್ಧ ಬ್ಯಾಟರಿ ಹೋಗುತ್ತದೆ. ಎಕೊದಲ್ಲಿ ಬೆವರು ಸುರಿಸಿ ಹತ್ತಿದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಮಣ್ಣು ದಾರಿ, ಕೆಸರು ಆದರೆ ಇನ್ನೂ ಹೆಚ್ಚು. ನಿಮ್ಮ ಮಾಮೂಲಿ ರೂಟಿನ ದೂರಕ್ಕಿಂತ ಅದರಲ್ಲಿ ಒಟ್ಟು ಎಷ್ಟು ಮೀಟರ್ ಏರು ಇದೆ ಅನ್ನುವುದನ್ನು ಮೊದಲು ಲೆಕ್ಕ ಹಾಕಿ. ಬ್ಯಾಟರಿ ಮುಗಿದ ಮೇಲೆ ಉಳಿಯುವುದು 24 ಕೆಜಿಯ ಸೈಕಲ್ಲು, ಅದನ್ನು ತುಳಿದು ನೋಡಿದವರಿಗೇ ಗೊತ್ತು. ಮನಾಲಿಗೋ ಲೇಹ್‌ಗೋ ವಿಮಾನದಲ್ಲಿ ತಗೊಂಡು ಹೋಗುವ ಯೋಚನೆ ಇದ್ದರೆ ಬಿಡಿ, 160 ವ್ಯಾಟ್ ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ.

ಕಾನೂನಿನ ಮಾತು ಚುಟುಕಾಗಿ: 250 ವ್ಯಾಟ್‌ಗಿಂತ ಕಡಿಮೆ ಮೋಟರ್, ಗಂಟೆಗೆ 25 ಕಿ.ಮೀ. ಒಳಗಿನ ವೇಗ, ಬ್ಯಾಟರಿ ಬಿಟ್ಟು 60 ಕೆಜಿ ದಾಟದ ತೂಕ ಇದ್ದರೆ ನಮ್ಮ ದೇಶದಲ್ಲಿ ಅದು ಮೋಟಾರು ವಾಹನ ಅಲ್ಲ, ನಂಬರ್ ಪ್ಲೇಟು, ಲೈಸೆನ್ಸ್ ಬೇಡ. ಮೇಲೆ ಹೇಳಿದ 600 ವ್ಯಾಟ್ ಸ್ವಲ್ಪ ಹೊತ್ತಿನ ಜೋರು, ನಿಯಮ ನೋಡುವುದು ಸತತವಾಗಿ ಕೊಡುವ ಶಕ್ತಿಯನ್ನು. ವೇಗದ ಮಿತಿ ಕಿತ್ತುಹಾಕಿಸಿದರೆ ಈ ವಿನಾಯಿತಿಯೂ ಕಿತ್ತುಹೋಯಿತು ಅಂತ ತಿಳಿಯಿರಿ. ಸೈಕಲ್ ಅಲ್ವಾ, ಸದ್ದಿಲ್ಲ ಅಲ್ವಾ ಅಂತ ಮೀಸಲು ಅರಣ್ಯಕ್ಕೆ ನುಗ್ಗಬೇಡಿ, ಅನುಮತಿ ಇಲ್ಲದೆ ಹೋದರೆ ಡರ್ಟ್ ಬೈಕಿಗೂ ಸೈಕಲ್ಲಿಗೂ ಕೇಸು ಒಂದೇ.

ಸದ್ದಿಲ್ಲ ಅನ್ನುವುದೇ ನಮ್ಮ ಕಡೆ ದೊಡ್ಡ ಅಪಾಯ, ಇದನ್ನು ಬೇರೆ ದೇಶದವರು ಮಾಡಿದ ಯಾವ ವಿಡಿಯೊದಲ್ಲೂ ನಾನು ಕೇಳಿಲ್ಲ. ಎಕ್ಸ್‌ಪಲ್ಸ್ ಬರುತ್ತಿದೆ ಅಂತ ಆನೆಗೆ ಅರ್ಧ ಕಿಲೋಮೀಟರ್ ಮುಂಚೆ ಗೊತ್ತಾಗುತ್ತದೆ, ಇಷ್ಟ ಇದ್ದರೆ ಅದೇ ಪಕ್ಕಕ್ಕೆ ಸರಿಯುತ್ತದೆ. ಇ-ಎಂಟಿಬಿ ಮೆಲ್ಲಗೆ ತಿರುವು ದಾಟಿ ಅದರ ಎದುರಿಗೇ ಹೋಗಿ ನಿಲ್ಲುತ್ತದೆ. ಒಂದು ಬೆಳಿಗ್ಗೆ ಆರೂವರೆಗೆ ನನಗೆ ಸಿಕ್ಕಿದ್ದು ಆನೆ ಅಲ್ಲ, ಕಾಟಿ, ಅಂದರೆ ಕಾಡುಕೋಣ, ಇಪ್ಪತ್ತು ಅಡಿ ದೂರದಲ್ಲಿ, ಇಬ್ಬರಿಗೂ ಒಟ್ಟಿಗೆ ಗಾಬರಿ. ಪುಣ್ಯಕ್ಕೆ ಅದು ಆ ಕಡೆ ಓಡಿತು. ಅವತ್ತಿನಿಂದ ಹ್ಯಾಂಡಲ್‌ಗೆ ದನದ ಕೊರಳಿನ ಗಂಟೆ ಕಟ್ಟಿದ್ದೇನೆ. ಹೊರಡುವ ಮುಂಚೆ ತೋಟದವರ ವಾಟ್ಸಾಪ್ ಗುಂಪಿನಲ್ಲಿ ಆನೆ ಎಲ್ಲಿದೆ ಅಂತ ನೋಡುತ್ತೇನೆ, ಕತ್ತಲೆ ಪೂರ್ತಿ ಹರಿಯುವವರೆಗೆ ಹೊರಡುವುದಿಲ್ಲ.

ಯಾವುದು ಕೊಳ್ಳಬೇಕು ಅಂತ ಕೇಳುವವರಿಗೆ ನನ್ನದೊಂದೇ ಹಟ, ಮೋಟರ್ ಪೆಡಲ್ ಹತ್ತಿರ ಇರಲಿ, ಹಿಂದಿನ ಚಕ್ರದ ಹಬ್‌ನಲ್ಲಿ ಬೇಡ. ಹಬ್ ಮೋಟರ್ ಪೇಟೆಗೆ, ಟಾರ್ ರೋಡಿಗೆ ಸಾಕು, ಬೆಲೆಯೂ ಕಡಿಮೆ. ಆದರೆ ಉದ್ದ ಏರಿನಲ್ಲಿ ಅದಕ್ಕೆ ಸೈಕಲ್ ಗೇರುಗಳ ಸಹಾಯ ಸಿಗುವುದಿಲ್ಲ, ನಿಧಾನವಾದಷ್ಟೂ ಬಿಸಿಯಾಗಿ ಸೋಲುತ್ತದೆ. ಎರಡೂ ಕಡೆ ಸಸ್ಪೆನ್ಷನ್ ಇರುವ ಇಂಪೋರ್ಟೆಡ್ ಸೈಕಲ್ ಲಕ್ಷಗಳಲ್ಲಿ ಇದೆ, ಹೊಸ ಡರ್ಟ್ ಬೈಕಿಗಿಂತ ಜಾಸ್ತಿ ಆಗಬಹುದು. ಅದಕ್ಕೇ ಮೊದಲು ಒಂದು ದಿನ ಯಾರದಾದರೂ ತಗೊಂಡು ನಿಮ್ಮದೇ ದಾರಿಯಲ್ಲಿ ಓಡಿಸಿ ನೋಡಿ.

ಮಳೆಗಾಲದಲ್ಲಿ ತೊಳೆಯುವಾಗ ಬೈಕಿಗೆ ಹೊಡೆದ ಹಾಗೆ ಪ್ರೆಷರ್ ವಾಷರ್ ಹೊಡೆಯಬೇಡಿ, ಮೋಟರ್, ಬೇರಿಂಗ್ ಒಳಗೆ ನೀರು ಹೋಗುತ್ತದೆ. ಬಕೆಟ್ಟು, ಬ್ರಷ್ಷು ಸಾಕು. ಜೂನ್‌ನಿಂದ ಎರಡು ಮೂರು ತಿಂಗಳು ನಮ್ಮಲ್ಲಿ ಹೊರಗೆ ಕಾಲಿಡುವ ಹಾಗಿರುವುದಿಲ್ಲ, ಆಗ ಬ್ಯಾಟರಿ ಬಿಚ್ಚಿ ಅರ್ಧ ಚಾರ್ಜ್‌ನಲ್ಲಿ ಮನೆಯೊಳಗೆ ಒಣ ಜಾಗದಲ್ಲಿ ಇಡಿ, ತಿಂಗಳಿಗೊಮ್ಮೆ ನೋಡಿ. ಒಲೆ ಹತ್ತಿರ ಬೆಚ್ಚಗಿರಲಿ ಅಂತ ಇಡುವವರಿದ್ದಾರೆ, ಬೇಡ. ಎಕ್ಸ್‌ಪಲ್ಸ್ ಇನ್ನೂ ಶೆಡ್‌ನಲ್ಲೇ ಇದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತೇನೆ, ಮತ್ತೆ ಮಾರನೇ ದಿನ ಸೈಕಲ್ ಹತ್ತಿದಾಗ ಮೊದಲ ತಿರುವಿನಲ್ಲಿ ಎಡಗೈ ಬೆರಳು ಒಂದು ಸಲ ಕ್ಲಚ್ ಹುಡುಕುತ್ತದೆ.