ಆಯಿ ಇಲ್ಲದ ಮೇಲೆ ನಾವು ಚರಗಕ್ಕೆ ಕೂಡಿದ್ದು

ನಮ್ಮ ಆಯಿ, ಅಂದರೆ ಅಜ್ಜಿ, ಹೋದದ್ದು 2023ರ ಆಗಸ್ಟ್‌ನಲ್ಲಿ. ಅಲ್ಲಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ನಮ್ಮಲ್ಲಿ ಹಬ್ಬ ಅಂತ ಯಾರೂ ನೆಟ್ಟಗೆ ಕೂಡಿ ಉಣ್ಣಲಿಲ್ಲ. ಈಗ ಎರಡು ಎಳ್ಳ ಅಮಾವಾಸ್ಯೆ ಆಯಿತು, ಚರಗ, ಅಂದರೆ ಭೂತಾಯಿಗೆ ಹಬ್ಬದ ಅಡುಗೆ, ಚೆಲ್ಲಿ ಅಲ್ಲೇ ಕೂಡಿ ಉಣ್ಣಲು ಮೂವತ್ತರ ಮೇಲೆ ಜನ ಹೊಲದಲ್ಲಿ ಸೇರುತ್ತೇವೆ. ಆಗುವ ಮಾತಲ್ಲ ಅಂದವರೇ ಈಗ ಮೊದಲು ಬರುತ್ತಾರೆ. ಬೀಗರ ಕಡೆಯವರು ಹೇಗೆ ಮಾಡಿದಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಚರಗದ ಪದ್ಧತಿ, ಅಡುಗೆ ನಿಮಗೆ ಗೊತ್ತೇ ಇದೆ ಅಲ್ವಾ, ಅದಕ್ಕೆ ಹೋಗುವುದಿಲ್ಲ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ.

ಮೊದಲ ದೀಪಾವಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹಬ್ಬ ಬೇಡ, ಸುಮ್ನೆ ಊಟಕ್ಕೆ ಬನ್ನಿ ಅಂತ ಎಲ್ಲರನ್ನೂ ಕರೆದೆ. ಆಯಿಯ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಸುತ್ತ ಲೈಟಿನ ಸರ ಬಿಟ್ಟೆ. ಎರಡೂವರೆ ಸಾವಿರ ಹೋಯಿತು. ಅದನ್ನು ಇಟ್ಟದ್ದು ಆಯಿ ಕೂಡುತ್ತಿದ್ದ ಮಂಚದ ಎದುರಿಗೆ. ಬಂದವರು ಫೋಟೋ ನೋಡಿದರು, ಮಂಚ ನೋಡಿದರು, ತಲೆ ತಗ್ಗಿಸಿದರು. ಸಾಲದ್ದಕ್ಕೆ ಮೊಬೈಲಿನಲ್ಲಿ ಉಳಿದಿದ್ದ ಆಕೆಯ ಧ್ವನಿ ಹಚ್ಚಿದೆ. "ಉಂಡಿಯಿಲ್ಲೋ ಯವ್ವಾ" ಅಂತ ಕೇಳಿದ್ದೇ ತಡ, ಅತ್ತೆ ಎದ್ದು ಹಿತ್ತಲಿಗೆ ಹೋದರು. ಮೂರು ಗಂಟೆಗೆ ಮನೆ ಖಾಲಿ.

ಮುಂದಿನ ವರ್ಷ ಪಂಚಮಿ. ಯಾರಿಗೂ ಕೆಲಸದ ಭಾರ ಬೇಡ ಅಂತ ಉಂಡಿ, ಊಟ ಎಲ್ಲವನ್ನೂ ಹೊರಗೆ ಹೇಳಿದೆ. ಹದಿನಾಲ್ಕು ಸಾವಿರ ಚಿಲ್ಲರೆ. ಉಂಡಿ ಚೆನ್ನಾಗಿಯೇ ಇದ್ದವು. ಆದರೆ ಕೈಗೆ ಕೆಲಸ ಇಲ್ಲದೆ ಹೆಂಗಸರು ಮೂಲೆ ಹಿಡಿದರು, ಹುಡುಗರು ಮೊಬೈಲ್ ಹಿಡಿದರು. ದೊಡ್ಡ ಕಾಕಾ, ಸಣ್ಣ ಕಾಕಾ ಇಬ್ಬರೂ ಆಯಿಯ ದವಾಖಾನೆ ಖರ್ಚಿನ ಮಾತಿಗೆ ಇಳಿದರು. ಅಂದಿನಿಂದ ಮಾತೇ ಬಿಟ್ಟರು. "ಆಯಿ ಇಲ್ಲದ ಮನ್ಯಾಗ ಎಂಥಾ ಹಬ್ಬ, ಸಾಕ ಬಿಡು ತಂಗಿ" ಅಂದರು ಕಾಕು, ಕಾಕಾನ ಹೆಂಡತಿ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಕೂತು, ಹಬ್ಬದ ದಿನ ಆಯಿ ಏನೇನು ಮಾಡುತ್ತಿದ್ದಳು ಅಂತ ಬರೆಯುತ್ತಾ ಹೋದೆ. ಇಪ್ಪತ್ತಾರೋ ಇಪ್ಪತ್ತೇಳೋ ಕೆಲಸ ಬಂತು. ಮೊದಲ ಫೋನ್ ಆಕೆಯದು. ಕರಿಂಡಿ, ಅಂದರೆ ಹಸಿಮೆಣಸಿನಕಾಯಿ, ಅಗಸಿ ಅರೆದು ಗಡಿಗೆಯಲ್ಲಿ ಹುಳಿಗೆ ಇಡುವ ಚಟ್ನಿ, ಆಕೆಯದು. ಹುಡುಗರ ಕೈಗೆ ಹತ್ತರ ನೋಟು, ಊರಿಗೆ ಹೊರಟವರಿಗೆ ಬುತ್ತಿ, ಸಿಟ್ಟಾದವರನ್ನು ಪಂಕ್ತಿಗೆ ಎಳೆದು ತರುವುದು, ಎಲ್ಲ ಆಕೆಯದೇ. ನಾವು ಫೋಟೋಕ್ಕೆ ಹಾರ ಹಾಕಿ ಕೂತಿದ್ದೆವು. ಈ ಕೆಲಸಗಳನ್ನು ಯಾರೂ ಎತ್ತಿಕೊಂಡಿರಲಿಲ್ಲ.

ಈ ಸಲ ಮನೆ ಬೇಡ, ಹೊಲ ಅಂತ ಗಟ್ಟಿ ಮಾಡಿದೆ. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿ ನಾವು ನವನಗರಕ್ಕೆ ಬಂದ ವರ್ಷವೂ ಆಯಿ ಚರಗ ತಪ್ಪಿಸಿರಲಿಲ್ಲ. ಕಾಕುಗೆ ಅದನ್ನೇ ಹೇಳಿದೆ, ಸುಮ್ಮನಾದರು.

2024ರ ಎಳ್ಳ ಅಮಾವಾಸ್ಯೆ ಡಿಸೆಂಬರ್ 30, ಸೋಮವಾರ. ಬೆಂಗಳೂರು, ಪುಣೆಯ ಹುಡುಗರು ರಜೆ ಇಲ್ಲ ಅಂದರು. ಒಂದು ರಜೆ ಹಾಕಿದರೆ ಶನಿವಾರದಿಂದ ಮೂರು ದಿನ ಸಿಗುತ್ತದೆ ಅಂತ ಲೆಕ್ಕ ತೋರಿಸಿದೆ. ಬೆಂಗಳೂರಿನವರಿಗೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಟಿಕೆಟ್ ನಾನೇ ತೆಗೆಸಿದೆ.

ಕೆಲಸ ಹಂಚಲು ಮೊದಲು ಚೀಟಿ ಎತ್ತಿಸಿದೆ. ಅದು ನಡೆಯಲಿಲ್ಲ. ಯಾರಿಗೆ ಯಾವ ಕೆಲಸದಲ್ಲಿ ಆಯಿ ಜಾಸ್ತಿ ನೆನಪಾಗುತ್ತಾಳೋ ಅವರಿಗೆ ಅದನ್ನೇ ಕೊಡಬೇಕು. ಅತ್ತೆಗೆ ಕರಿಂಡಿ ಕೊಟ್ಟೆ. ಮೊದಲ ಗಡಿಗೆ ಕೆಟ್ಟಿತು, ಕಿಲೋ ಹಸಿಮೆಣಸಿನಕಾಯಿ, ಅಗಸಿ ಎಲ್ಲ ತಿಪ್ಪೆಗೆ. ಎರಡನೇ ಸಲ ಆಯಿ ಹಾಕುತ್ತಿದ್ದ ಒಂದು ಸಾಮಾನು ಅತ್ತೆಗೆ ನೆನಪಾಯಿತು, ರುಚಿ ತಿರುಗಿ ಬಂತು. ಅದು ನಮ್ಮ ಮನೆಯ ಹೆಣ್ಣುಮಕ್ಕಳಲ್ಲೇ ಉಳಿಯಲಿ, ಇಲ್ಲಿ ಬರೆಯುವುದಿಲ್ಲ.

ಚರಗ ಚೆಲ್ಲುವುದು ಇಬ್ಬರ ಕೆಲಸ. ಒಬ್ಬರು ಮುಂದೆ ಚೆಲ್ಲುತ್ತಾ ಹೋಗಬೇಕು, ಇನ್ನೊಬ್ಬರು ಹಿಂದೆ ನೀರು ಚಿಮುಕಿಸಬೇಕು. ಅದನ್ನು ಇಬ್ಬರು ಕಾಕಾಗಳಿಗೇ ಕೊಟ್ಟೆ. ಹಿಂದಿನ ದಿನ ಅವರಿಗೆ ಬೇರೆ ಬೇರೆ ಏನು ಹೇಳಿ ಒಪ್ಪಿಸಿದೆ ಅನ್ನುವುದು ನನ್ನಲ್ಲೇ ಇರಲಿ. ಬಿಳಿಜೋಳ ಹೊಡೆಗೆ ಬಂದಿತ್ತು. ದೊಡ್ಡ ಕಾಕಾ "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ಬದುವಿನ ಮೇಲೆ ನಡೆದರು. ಮೂರನೇ ಸಲಕ್ಕೆ ಅವರ ದನಿ ಕಟ್ಟಿತು, ನಿಂತುಬಿಟ್ಟರು. ಹಿಂದಿದ್ದ ಸಣ್ಣ ಕಾಕಾ ತಂಬಿಗೆ ಹಿಡಿದುಕೊಂಡೇ ಕೂಗು ಎತ್ತಿಕೊಂಡರು. ಬನ್ನಿ ಗಿಡದ ಕೆಳಗೆ ಎಲ್ಲರೂ ಅತ್ತೆವು. ಯಾರನ್ನೂ ಸುಮ್ಮನಿರಿಸಲು ಹೋಗಲಿಲ್ಲ. ಆಮೇಲೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕರಿಂಡಿ, ಶೇಂಗಾ ಹೋಳಿಗೆ ಹೊಟ್ಟೆ ತುಂಬ ಉಂಡೆವು. ಸಂಜೆಯ ತನಕ ಆಯಿಯದೇ ಮಾತು. ಇಬ್ಬರೂ ಕಾಕಾಗಳು ಒಂದೇ ಬಂಡಿ ಹತ್ತಿ ಬಂದರು.

ಎರಡು ಬಂಡಿ ಬಾಡಿಗೆ, ಕಿರಾಣಿ, ಕಾಯಿಪಲ್ಯೆ ಎಲ್ಲ ಸೇರಿ ಹನ್ನೊಂದು ಸಾವಿರದ ಸುಮಾರು ಆಯಿತು. ಏಳು ಮನೆ, ಮನೆಗೆ 1,600. ಹಿಂದಿನ ಎರಡು ಸಲ ನಾನೊಬ್ಬಳೇ ಹಾಕಿದ್ದೆ, ಎಲ್ಲರೂ ಅತಿಥಿಗಳಂತೆ ಬಂದು ಹೋಗಿದ್ದರು. ಮನೆಯವರೆಲ್ಲರ ದುಡ್ಡು ಬೀಳಲೇಬೇಕು.

ಇದರ ನಡುವೆ ಇನ್ನೆರಡು ಮಾಡಿ ನೋಡಿದೆ. ಆಯಿಯ ಟ್ರಂಕಿನಲ್ಲಿ ಹದಿನೈದು ಇಳಕಲ್ ಸೀರೆ ಇದ್ದವು. ಯಾರಿಗೆ ಯಾವುದು ಅಂತ ಜಗಳ ಬರುವುದಿತ್ತು. ಒಳ್ಳೆಯವನ್ನು ಹೆಣ್ಣುಮಕ್ಕಳಿಗೆ ಕೊಟ್ಟು, ಸವೆದವನ್ನು ಸೇರಿಸಿ ನಾಲ್ಕು ಕೌದಿ ಹೊಲಿಸಿದೆ. ಒಂದಕ್ಕೆ 1,200. ಮೊಮ್ಮಕ್ಕಳು ಅವನ್ನು ಈಗ ಯಾರಿಗೂ ಮುಟ್ಟಗೊಡುವುದಿಲ್ಲ. ಇನ್ನು ಆ ಧ್ವನಿಗಳು. ಎಲ್ಲರ ನಡುವೆ ಹಚ್ಚದೆ, ಯಾರಿಗೆ ಆಯಿ ಮಾತಾಡಿದ್ದಳೋ ಅವರಿಗಷ್ಟೇ ಒಂದೊಂದು ಕಳಿಸಿದೆ. ಅಂದು ಹಿತ್ತಲಿಗೆ ಓಡಿದ್ದ ಅತ್ತೆ ಈಗ ಮಲಗುವ ಮುಂಚೆ ಕೇಳುತ್ತಾರಂತೆ.

2025ರಲ್ಲಿ ಅಮಾವಾಸ್ಯೆ ಡಿಸೆಂಬರ್ 19ಕ್ಕೆ ಬಂತು. ದೀಪಾವಳಿ ಮುಗಿದ ವಾರವೇ ಸಣ್ಣ ಕಾಕಾ ಫೋನ್ ಮಾಡಿ, ಬಂಡಿ ಹೇಳಿ ಆಗಿದೆ, ನೀನು ಬರೀ ಬುತ್ತಿ ನೋಡಿಕೋ ಅಂದರು. ಬಂಡಿಯನ್ನು ಮಾತ್ರ ನೀವೂ ಹಾಗೇ ಮುಂಚೆ ಹೇಳಿಡಿ. ಅಮಾವಾಸ್ಯೆ ಹತ್ತಿರ ಬಂತೆಂದರೆ ಸಿಗುವುದೇ ಇಲ್ಲ, ಸಿಕ್ಕರೂ ಕೇಳಿದಷ್ಟು ಕೊಡಬೇಕು.