ಬಾಲಿಯಲ್ಲಿ ಹತ್ತು ಗಂಟೆಯ ಕಾರು

ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ಒಂಬತ್ತು ಜಾಗ ಇದ್ದವು. ಒಂದೇ ದಿನಕ್ಕೆ! ಮೂರು ದೇವಸ್ಥಾನ, ಒಂದು ಜಲಪಾತ, ಒಂದು ಕೆರೆ, ಗದ್ದೆ, ಕಾಫಿ ತೋಟ, ಬೆಳ್ಳಿ ಅಂಗಡಿ, ಕೊನೆಗೆ ಸೂರ್ಯಾಸ್ತ. ನಾನು ಮೊಬೈಲಿನಲ್ಲಿ ನಕ್ಷೆ ತೆಗೆದು ಒಂದೊಂದೇ ದೂರ ಕೂಡಿಸಿದೆ. ಕಾರಿನಲ್ಲಿ ಕೂರುವುದೇ ಏಳು ಗಂಟೆಗಿಂತ ಜಾಸ್ತಿ ಬಂತು. ನನ್ನ ಜೊತೆ ಬರುವವರು 71 ವರ್ಷದ ಅಪ್ಪ, ಮಂಡಿ ನೋವಿನ ಅಮ್ಮ, ಹತ್ತು ವರ್ಷದ ಮಗ. ಏಜೆಂಟ್‌ಗೆ 'ಬೇಡ' ಅಂದೆ.

ನಾವು ಹೋದದ್ದು ಮೇ ತಿಂಗಳಲ್ಲಿ. ಮಗನಿಗೆ ರಜೆ, ಬಾಲಿಯಲ್ಲಿ ಮಳೆಗಾಲ ಮುಗಿದಿರುತ್ತದೆ. ಅಲ್ಲಿ ಜೋರು ಮಳೆ ನವೆಂಬರಿನಿಂದ ಮಾರ್ಚ್ ತನಕ. ಇಳಿದುಕೊಳ್ಳಲು ಬಾಲಿಯ ದಕ್ಷಿಣದ ಸನೂರ್ ಆರಿಸಿಕೊಂಡೆ. ಕುಟಾ, ಚಂಗು ಬೀಚುಗಳ ಕಡೆಯ ಗಲಾಟೆ ಅಲ್ಲಿಲ್ಲ. ಸಮುದ್ರದ ದಂಡೆಗೆ ಸಮತಟ್ಟಾದ ಕಾಲುದಾರಿ ಇದೆ, ಅಮ್ಮ ಸಂಜೆ ಆರಾಮಾಗಿ ನಡೆದಾಡಬಹುದು.

ಆಮೇಲೆ ನಾನೇ ಪಟ್ಟಿ ಮಾಡಿದೆ. ಬಾಲಿಯ ದಕ್ಷಿಣದಿಂದ ಹೊರಡುವವರಿಗೆ ಒಂದು ದಿನಕ್ಕೆ ಮೂರು ದಿಕ್ಕಿನಲ್ಲಿ ಒಂದು ಸಾಧ್ಯ. ಉಬುದ್ ಮತ್ತು ಕಿಂತಾಮಣಿ ಕಡೆ ಒಂದು, ಕರಂಗಾಸೆಮ್ ಕಡೆ ಪೂರ್ವಕ್ಕೆ ಇನ್ನೊಂದು, ಬೆಡುಗುಲ್ ಬೆಟ್ಟದ ಕಡೆ ಮತ್ತೊಂದು. ಎರಡು ದಿಕ್ಕು ಸೇರಿಸಿದಿರೋ, ಇಡೀ ದಿನ ರಸ್ತೆಯಲ್ಲೇ ಕಳೆಯಿತು. ನಾನು ಬೆಡುಗುಲ್ ಹಿಡಿದೆ. ಕಾರಣ ಅಪ್ಪ. ಸಾಗರದ ಹತ್ತಿರ ನಮಗೆ ನಾಲ್ಕು ಎಕರೆ ಗದ್ದೆ ಇದೆ. ಎಲ್ಲರೂ ಅಡಿಕೆ ಹಾಕಿದಾಗಲೂ ಅವನು ಭತ್ತ ಬಿಡಲಿಲ್ಲ. ಬೆಡುಗುಲ್ ದಾರಿಯಲ್ಲಿ ಜತಿಲುವಿಹ್ ಗದ್ದೆಗಳು ಸಿಗುತ್ತವೆ. ಬೆಳಿಗ್ಗೆ ಉಲುನ್ ದಾನು ದೇವಸ್ಥಾನ, ಮಧ್ಯಾಹ್ನ ಜತಿಲುವಿಹ್, ಸಂಜೆ ತಾನಾ ಲೋಟ್ ಗುಡಿ. ನಡುವೆ ಟೈಮ್ ಉಳಿದರೆ ಮೆಂಗ್ವಿ ಊರಿನ ತಾಮನ್ ಆಯುನ್ ಗುಡಿ. ಅಷ್ಟೇ.

ಕಾರು ಗೊತ್ತು ಮಾಡಿದ್ದು ಹೋಟೆಲಿನ ಎದುರಿನ ಪುಟ್ಟ ಅಂಗಡಿಯವಳ ಮೂಲಕ. ಅವಳ ಚಿಕ್ಕಪ್ಪನ ಮಗನೇ ಡ್ರೈವರ್. ಹತ್ತು ಗಂಟೆಗೆ ಏಳೂವರೆ ಲಕ್ಷ ರುಪಿಯಾ, ಅಲ್ಲಿನ ಹಣ. ಕೇಳಿ ಅಮ್ಮ ಎದೆ ಮುಟ್ಟಿಕೊಂಡಳು! ನಾವು ಹೋದಾಗ ನಮ್ಮ ಒಂದು ರೂಪಾಯಿಗೆ ಅಲ್ಲಿನ 190ರ ಹತ್ತಿರ ಸಿಗುತ್ತಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರದ ಆಸುಪಾಸು. ಹಿಂದಿನ ರಾತ್ರಿಯೇ ವಾಟ್ಸಾಪ್‌ನಲ್ಲಿ ಎಲ್ಲ ಬರೆದು ಕೇಳಿದೆ. ಪೆಟ್ರೋಲ್, ಪಾರ್ಕಿಂಗ್ ಸೇರಿದೆಯಾ? ಸೇರಿದೆ. ಟಿಕೆಟ್, ಊಟ? ನಿಮ್ಮದು. ಹತ್ತು ಗಂಟೆ ದಾಟಿದರೆ? ಗಂಟೆಗೆ ಇಷ್ಟು. ಕೊನೆಗೆ ಒಂದು ಸಾಲು ಸೇರಿಸಿದೆ: ಅಂಗಡಿಗಳಿಗೆ, ಲುವಾಕ್ ಕಾಫಿ ತೋಟಕ್ಕೆ ಕರೆದುಕೊಂಡು ಹೋಗಬೇಡಿ.

ಈ ಕೊನೇ ಸಾಲು ಬರೆಯದಿದ್ದರೆ ಒಂದೂವರೆ ಗಂಟೆ ಅಲ್ಲೇ ಹೋಗುತ್ತದೆ. ಡ್ರೈವರ್‌ಗಳಿಗೆ ಅಲ್ಲಿ ಕಮಿಷನ್ ಇರುತ್ತದೆ, ಅವರ ಹೊಟ್ಟೆಪಾಡು, ಬಯ್ಯುವಂಥದ್ದೇನಿಲ್ಲ. ಆದರೆ ಲುವಾಕ್ ಅಂದರೆ ನಮ್ಮ ಪುನುಗು ಬೆಕ್ಕಿನ ಜಾತಿಯದ್ದು. ಅದನ್ನು ಪಂಜರದಲ್ಲಿಟ್ಟು ಕಾಫಿ ಹಣ್ಣು ತಿನ್ನಿಸಿ, ಹಿಕ್ಕೆಯಿಂದ ಬೀಜ ಆರಿಸುವುದನ್ನು ನೋಡಲು ನನಗಂತೂ ಮನಸ್ಸಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಕಾರು ಬಂತು. ಅಲ್ಲಿನ ಏಳು ಅಂದರೆ ನಮ್ಮ ನಾಲ್ಕೂವರೆ. ಡ್ಯಾಶ್‌ಬೋರ್ಡಿನ ಮೇಲೆ ತೆಂಗಿನ ಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಒಂದು ಊದುಬತ್ತಿ. ಇದಕ್ಕೆ ಚನಂಗ್ ಸಾರಿ ಅನ್ನುತ್ತಾರೆ. ಮನೆ ಮುಂದೆ, ಅಂಗಡಿ ಮುಂದೆ, ಫುಟ್‌ಪಾತಿನ ಮೇಲೆ, ಎಲ್ಲೆಲ್ಲೂ ಇದೇ. ನಡೆಯುವಾಗ ಕೆಳಗೆ ನೋಡಿಕೊಂಡು ನಡೆಯಬೇಕು. ಡ್ರೈವರ್ ತಮ್ಮನ್ನು 'ಬ್ಲಿ' ಅಂತ ಕರೆಯಿರಿ ಅಂದರು. ಬ್ಲಿ ಅಂದರೆ ಬಾಲಿ ಮಾತಿನಲ್ಲಿ ಅಣ್ಣ. ಮಗ ಆ ಕ್ಷಣದಿಂದ ಬ್ಲಿ, ಬ್ಲಿ ಅಂತ ಬಿಡಲೇ ಇಲ್ಲ. 210 ದಿನಕ್ಕೊಮ್ಮೆ ಕಾರು, ಬೈಕಿಗೆಲ್ಲ ಪೂಜೆ ಮಾಡುವ ಹಬ್ಬ ಇದೆ, ತುಂಪೆಕ್ ಲಂದೆಪ್, ಅಂತ ಬ್ಲಿ ಹೇಳಿದರು. "ಆಯುಧ ಪೂಜೆ!" ಅಂದಳು ಅಮ್ಮ. ಅಲ್ಲಿಂದ ಅವರಿಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಬೆಡುಗುಲ್‌ಗೆ ಬೇಗ ಹೋಗಬೇಕು. ಕೆರೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ, ಮಧ್ಯಾಹ್ನಕ್ಕೆ ಮೋಡ ಇಳಿದುಬಿಡುತ್ತದೆ. ನಾವು ಒಂಬತ್ತರ ಒಳಗೆ ತಲುಪಿದೆವು. ಅಮ್ಮನ ಶಾಲು ಬ್ಯಾಗಿನ ತಳದಲ್ಲಿತ್ತು. ಸಮುದ್ರದ ಊರಿಗೆ ಬಂದು ಚಳಿಯಾಗುತ್ತದೆ ಅಂತ ಯಾರು ಎಣಿಸುತ್ತಾರೆ?

ಉಲುನ್ ದಾನು ಬೆರತಾನ್ ದೇವಸ್ಥಾನದ ಚಿತ್ರ ನೀವು ನೋಡಿರುತ್ತೀರಿ. ನೀರಿನ ನಡುವೆ ಹನ್ನೊಂದು ಮಾಡಿನ ಗೋಪುರ, ಹಿಂದೆ ಹಸಿರು ಬೆಟ್ಟ. ಹಳೆಯ 50,000 ರುಪಿಯಾ ನೋಟಿನ ಮೇಲೂ ಅದೇ ಇತ್ತು. ಕಟ್ಟಿದ್ದು 1633ರಲ್ಲಿ, ಮೆಂಗ್ವಿ ರಾಜರ ಕಾಲದಲ್ಲಿ ಎನ್ನುತ್ತಾರೆ. ಮಾಡಿಗೆ ಹೊದಿಸಿದ ಕಪ್ಪು ನಾರು ಒಂದು ಜಾತಿಯ ತಾಳೆ ಮರದ್ದು. ಗುಡಿಯ ಒಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ, ದಂಡೆಯಿಂದಲೇ ನೋಡಬೇಕು. ಉದ್ಯಾನದ ತುಂಬ ಸಿಮೆಂಟಿನ ಪ್ರಾಣಿಗಳನ್ನು ನಿಲ್ಲಿಸಿದ್ದಾರೆ, ಅದು ನನಗೆ ಹಿಡಿಸಲಿಲ್ಲ. ಮಗನಿಗೆ ಹಿಡಿಸಿತು.

ಅಪ್ಪ ಪಂಚೆ ಉಟ್ಟು ಬಂದಿದ್ದ. ಬಾಲಿಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರೂ ಸಾರಂಗ್ ಸುತ್ತಿಕೊಳ್ಳಬೇಕು, ಸೊಂಟಕ್ಕೆ ಪಟ್ಟಿ ಕಟ್ಟಬೇಕು. ಪ್ಯಾಂಟಿನವರೆಲ್ಲ ಬಾಡಿಗೆ ಸಾರಂಗ್ ಎಳೆದುಕೊಂಡು ಒದ್ದಾಡುವುದು ಅಲ್ಲಿ ದಿನಾ ಕಾಣುವ ನೋಟ. ಅಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಒಬ್ಬ ಅಜ್ಜಿಯಂತೂ ಅವನ ಹತ್ತಿರವೇ ಬಾಲಿ ಮಾತಿನಲ್ಲಿ ದಾರಿ ಕೇಳಿದಳು.

ಹೊರಡುವಾಗ ಚಂದಿಕುನಿಂಗ್ ಸಂತೆಯಲ್ಲಿ ನಿಲ್ಲಿಸಿದೆವು. ಮ್ಯಾಂಗೊಸ್ಟೀನ್ ಹಣ್ಣು ತೆಗೆದುಕೊಂಡೆವು, ಮೊದಲು ಹೇಳಿದ ಬೆಲೆಯ ಅರ್ಧಕ್ಕೆ. ಅಮ್ಮ ಸಿಪ್ಪೆ ಮೂಸಿ ನೋಡಿ "ಇದು ಮುರುಗಲಿನ ಕಡೆಯದ್ದು" ಅಂದಳು. ನಿಜವೇ, ಎರಡೂ ಒಂದೇ ಕುಲದವು.

ಬೆಡುಗುಲ್ ಹತ್ತಿರವೇ ಒಂದು ದೊಡ್ಡ ಕಲ್ಲಿನ ಬಾಗಿಲು ಇದೆ, ಇನ್‌ಸ್ಟಾಗ್ರಾಮಿನಲ್ಲಿ ಭಾರೀ ಹೆಸರು. ಹಣ ಕೊಟ್ಟು, ಸಾಲಿನಲ್ಲಿ ನಿಂತು, ಒಂದು ಫೋಟೊ. ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋದೆವು.

ಜತಿಲುವಿಹ್‌ಗೆ ಕಿರಿದಾದ ರಸ್ತೆ. ಎದುರಿನಿಂದ ಕಾರು ಬಂದರೆ ಒಬ್ಬರು ಚರಂಡಿಯ ಅಂಚಿಗೆ ಸರಿಯಬೇಕು. ಒಂದು ತಿರುವು ದಾಟಿದ್ದೇ ಅಪ್ಪ "ನಿಲ್ಸಪ್ಪಾ" ಅಂದ, ಕನ್ನಡದಲ್ಲೇ. ಬ್ಲಿ ನಿಲ್ಲಿಸಿದರು.

ಬತುಕಾರು ಬೆಟ್ಟದ ಬುಡದಿಂದ ಕಣ್ಣು ಹೋಗುವವರೆಗೆ ಮೆಟ್ಟಿಲು ಮೆಟ್ಟಿಲು ಗದ್ದೆ. ಉಬುದ್ ಹತ್ತಿರದ ತೆಗಲ್ಲಾಲಂಗ್ ಗದ್ದೆಗಳ ಚಿತ್ರವೇ ಎಲ್ಲೆಡೆ ಓಡಾಡುತ್ತದೆ. ಅಲ್ಲಿ ಈಗ ಉಯ್ಯಾಲೆ, ಕೆಫೆಗಳೇ ಜಾಸ್ತಿ. ಜತಿಲುವಿಹ್ ಇನ್ನೂ ರೈತರ ಕೈಯಲ್ಲಿರುವ ಗದ್ದೆ. ನಾನು ಟಿಕೆಟ್ ತರುವಷ್ಟರಲ್ಲಿ ಅಪ್ಪ ಪಂಚೆ ಎತ್ತಿ ಕಟ್ಟಿ ಅಂಚಿನ ಮೇಲೆ ನಡೆಯುತ್ತಿದ್ದ. ಎತ್ತರದ ಪೈರು, ನಮ್ಮ ಹಳೆಯ ತಳಿಗಳ ಹಾಗೆ. ಇಲ್ಲಿ ಬೆಳೆಯುವ ಕೆಂಪಕ್ಕಿ ಭತ್ತಕ್ಕೆ ಐದಾರು ತಿಂಗಳು ಬೇಕು. ಅಪ್ಪ ಒಂದು ತೆಂಡೆ ಹಿಡಿದು ಸುಳಿಯ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿದ. "ಹೊಡೆಗೆ ಬಂದಿದೆ ಕಣೇ. ಬಸಿರಿ." ತೆನೆ ಇನ್ನೂ ಸುಳಿಯೊಳಗೇ ಇದೆ ಅಂತ.

ಗದ್ದೆಯ ಮೂಲೆಯಲ್ಲಿ ಬಿದಿರಿನ ಪುಟ್ಟ ಗುಡಿ ಇತ್ತು, ದೇವಿ ಶ್ರೀಗೆ. ಅವಳೇ ಭತ್ತದ ತಾಯಿ. ಅಲ್ಲೇ ಕಳೆ ಕೀಳುತ್ತಿದ್ದ ಒಬ್ಬ ಹಿರಿಯರನ್ನು ಬ್ಲಿ ಮಾತಾಡಿಸಿದರು. ಭತ್ತ ಹೊಡೆಗೆ ಬಂದಾಗ ಇಲ್ಲಿ ಬಿಯುಕುಕುಂಗ್ ಅಂತ ಪೂಜೆ ಮಾಡುತ್ತಾರಂತೆ, ಬಸುರಿ ಭತ್ತಕ್ಕೆ ನೈವೇದ್ಯ ಇಟ್ಟು. ನಾನು ಅಮ್ಮನ ಮುಖ ನೋಡಿದೆ. ನಮ್ಮಲ್ಲಿ ಭೂಮಿ ಹುಣ್ಣಿಮೆಯ ದಿನ ಅವಳು ಬೆಳಗಿನ ಜಾವ ಎದ್ದು ಬೆರಕೆ ಸೊಪ್ಪಿನ ಪಲ್ಯ, ಕಡುಬು ಎಲ್ಲ ಮಾಡುತ್ತಾಳೆ. ಅಪ್ಪ ಅದನ್ನು ಗದ್ದೆಗೆ ಒಯ್ದು ಚರಗ ಚೆಲ್ಲುತ್ತಾನೆ. ಬಸುರಿಯ ಬಯಕೆ ತೀರಿಸುವ ಊಟ ಅದು. ಇದನ್ನು ನಾನು ಇಂಗ್ಲಿಷಿನಲ್ಲಿ, ಬ್ಲಿ ಬಾಲಿ ಮಾತಿನಲ್ಲಿ, ದಾಟಿಸಿದೆವು. ಹಿರಿಯರು ಕಳೆ ಬಿಟ್ಟು ಅಂಚಿನ ಮೇಲೆ ಕೂತರು. ಅಪ್ಪನೂ ಕೂತ. ನನ್ನ ಟೈಮ್‌ಟೇಬಲ್ ಮುಗಿಯಿತು ಅಂತ ಗೊತ್ತಾಯಿತು.

ಅಪ್ಪನ ಮೊದಲ ಪ್ರಶ್ನೆ ನೀರಿನದ್ದು. ಮೇಲಿನ ಗದ್ದೆಯವನು ನೀರು ಬಿಡದಿದ್ದರೆ? ಅದಕ್ಕೇ ಸುಬಕ್ ಇರುವುದು ಎಂದರು ಹಿರಿಯರು. ಒಂದು ಕಾಲುವೆಯ ನೀರು ಉಣ್ಣುವ ರೈತರೆಲ್ಲ ಸೇರಿ ಒಂದು ಸುಬಕ್, ಅದಕ್ಕೊಬ್ಬ ಮುಖ್ಯಸ್ಥ, ಅವನು ಪೆಕಾಸೆಹ್. ಯಾವಾಗ ನಾಟಿ, ಯಾರಿಗೆ ಎಷ್ಟು ನೀರು, ಎಲ್ಲ ಸಭೆಯಲ್ಲೇ ತೀರ್ಮಾನ. ಕಾಲುವೆ ಕವಲೊಡೆಯುವ ಕಡೆ ಮರದ ತುಂಡಿಗೆ ಕಚ್ಚು ಹಾಕಿ ಅಡ್ಡ ಇಟ್ಟಿದ್ದರು. ಕಚ್ಚಿನ ಅಗಲದಷ್ಟು ನೀರು ಆ ಕಡೆಗೆ. ಅಪ್ಪ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಅಳೆದ. ಈ ಸುಬಕ್ ಪದ್ಧತಿಯನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರು ಕೆರೆಯಿಂದ ಗುಡಿಗೆ, ಗುಡಿಯಿಂದ ಗದ್ದೆಗೆ ಅನ್ನುವುದು ಅವರ ಲೆಕ್ಕ. ಬೆಳಿಗ್ಗೆ ನೋಡಿದ ಉಲುನ್ ದಾನು ಕೆರೆಯ ದೇವತೆಯದ್ದೇ. ನಾನು ಅಲ್ಲಿ ಫೋಟೊ ತೆಗೆದಿದ್ದೆ ಅಷ್ಟೇ, ಅದರ ಅರ್ಥ ಇಲ್ಲಿ ಆಯಿತು.

ಎರಡನೇ ಪ್ರಶ್ನೆ ಹುಳದ್ದು. ಅಪ್ಪನಿಗೆ ಕಂದು ಜಿಗಿ ಹುಳುವಿನ ಮೇಲೆ ಹಳೇ ಸಿಟ್ಟಿದೆ. ಇಲ್ಲಿ ಎಲ್ಲರೂ ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆ ಖಾಲಿ ಬಿಡುತ್ತಾರೆ. ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ತಂದು, ಬಿಡುವಿಲ್ಲದೆ ಬೆಳೆಯಿರಿ ಅಂದಿತು. ಯಾರು ಯಾವಾಗ ಬೇಕಾದರೂ ನಾಟಿ ಮಾಡತೊಡಗಿದರು. ನೀರಿಗೆ ಜಗಳ ಬಂತು, ಹುಳದ ಕಾಟ ವಿಪರೀತವಾಯಿತು. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಇದನ್ನೆಲ್ಲ ಅಧ್ಯಯನ ಮಾಡಿ, ಹಳೇ ಪದ್ಧತಿಯಲ್ಲಿದ್ದ ಲೆಕ್ಕಾಚಾರ ತೋರಿಸಿಕೊಟ್ಟ. ಇದು ನಾನು ಓದಿಕೊಂಡು ಹೋಗಿದ್ದ ವಿಷಯ. ಅಪ್ಪನಿಗೆ ಹೇಳಿದರೆ, "ಅದಕ್ಕೆ ಅಮೆರಿಕದವನು ಬರಬೇಕಿತ್ತಾ?" ಅಂದ.

ಇಂಡೋನೇಷ್ಯಾದ ಮಾತಿನಲ್ಲಿ ಭತ್ತಕ್ಕೆ ಪಾದಿ, ಅಕ್ಕಿಗೆ ಬೆರಾಸ್, ಅನ್ನಕ್ಕೆ ನಾಸಿ, ಗದ್ದೆಗೆ ಸಾವಾ. ನಮ್ಮ ಹಾಗೆಯೇ ಒಂದೊಂದಕ್ಕೂ ಬೇರೆ ಬೇರೆ ಹೆಸರು. ಇಂಗ್ಲಿಷಿನ 'ಪ್ಯಾಡಿ' ಹುಟ್ಟಿದ್ದೇ ಈ ಪಾದಿಯಿಂದ. ಅಪ್ಪ ನಾಲ್ಕೂ ಪದ ಮಗನ ಕೈಲಿ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡ.

ಊಟದ ವಿಷಯ ಹೇಳಬೇಕು, ನಮ್ಮವರಿಗೆ ಅದೇ ದೊಡ್ಡ ಚಿಂತೆ ಅಲ್ವಾ. ಬಾಲಿಯಲ್ಲಿ 'ವೆಜಿಟೇರಿಯನ್' ಅಂದರೆ ಮಾಂಸ ಹಾಕುವುದಿಲ್ಲ, ಆದರೆ ಸಂಬಲ್ ಎಂಬ ಖಾರದ ಚಟ್ನಿಯಲ್ಲಿ ತೆರಾಸಿ ಇರಬಹುದು. ತೆರಾಸಿ ಅಂದರೆ ಸಿಗಡಿ ಅರೆದು ಹುದುಗಿಸಿದ ಮುದ್ದೆ. ತಟ್ಟೆಯ ಅಂಚಿಗಿಡುವ ಹಪ್ಪಳವೂ ಸಿಗಡಿಯದ್ದೇ ಆಗಿರಬಹುದು. ನಾನು ಒಂದು ಚೀಟಿ ಮಾಡಿಕೊಂಡಿದ್ದೆ: ತಾನ್ಪ ದಾಗಿಂಗ್, ತಾನ್ಪ ಇಕಾನ್, ತಾನ್ಪ ತೆಲುರ್, ತಾನ್ಪ ತೆರಾಸಿ. ಮಾಂಸ, ಮೀನು, ಮೊಟ್ಟೆ, ತೆರಾಸಿ ಬೇಡ ಅಂತ. ಬ್ಲಿ ಅದನ್ನು ಹಿಡಿದುಕೊಂಡು ಅಡುಗೆಮನೆಗೇ ಹೋದರು. ಕೆಂಪಕ್ಕಿ ಅನ್ನ, ಹುರಿದ ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ಬೇಯಿಸಿದ ಸೊಪ್ಪಿಗೆ ಕಾಯಿತುರಿ ಹಾಕಿದ ಉರಾಪ್ ಬಂತು. ಉರಾಪ್ ಹೆಚ್ಚುಕಡಿಮೆ ನಮ್ಮ ಪಲ್ಯವೇ. ಅಮ್ಮ ಎರಡು ಸಲ ಹಾಕಿಸಿಕೊಂಡಳು. ಬೆಂಗಳೂರಿನಿಂದ ಹೊತ್ತು ತಂದ ಚಟ್ನಿಪುಡಿ ಬ್ಯಾಗಿನಲ್ಲೇ ಉಳಿಯಿತು.

ಜತಿಲುವಿಹ್‌ನಲ್ಲಿ ಒಂದು ಗಂಟೆ ಅಂದುಕೊಂಡಿದ್ದೆ. ಮೂರು ಗಂಟೆಯಾಯಿತು. ತಾಮನ್ ಆಯುನ್ ಬಿಟ್ಟೆವು. ನನಗೆ ಒಳಗೊಳಗೇ ಕಸಿವಿಸಿ. 1634ರ ರಾಜಮನೆತನದ ಗುಡಿ, ಸುತ್ತ ನೀರಿನ ಕಂದಕ, ನೋಡಲೇಬೇಕು ಅಂತಿತ್ತು. ಬ್ಲಿಗೆ ಹೇಳಿದ್ದಕ್ಕೆ ಅವರು ಅಪ್ಪನ ಕಡೆ ಕೈ ತೋರಿಸಿ ಸುಮ್ನೆ ನಕ್ಕರು. ಗುಂಪಿನ ಬಸ್ಸಿನಲ್ಲಿ ಬಂದಿದ್ದರೆ ಅಷ್ಟೊತ್ತಿಗೆ ಹಾರ್ನ್ ಹೊಡೆದಿರುತ್ತಿದ್ದರು.

ನಿಜವಾದ ತಪ್ಪು ಮಾಡಿದ್ದು ತಾನಾ ಲೋಟ್‌ನಲ್ಲಿ. ಸಮುದ್ರದ ಬಂಡೆಯ ಮೇಲಿನ ಗುಡಿ ಅದು. 16ನೇ ಶತಮಾನದಲ್ಲಿ ನಿರರ್ಥ ಎಂಬ ಋಷಿ ಕಟ್ಟಿಸಿದ್ದು ಎಂಬ ಕತೆ. ಇಳಿತ ಇದ್ದಾಗ ಬಂಡೆಯ ಬುಡದವರೆಗೆ ನಡೆದು ಹೋಗಬಹುದು, ಅಲ್ಲಿ ಸಿಹಿನೀರಿನ ಒರತೆ ಇದೆ. ಉಬ್ಬರವಿದ್ದರೆ ಸುತ್ತಲೂ ನೀರು. ಸೂರ್ಯಾಸ್ತ ಆರು ದಾಟಿ ಸ್ವಲ್ಪ ಹೊತ್ತಿಗೆ ಎಂದು ನೋಡಿಕೊಂಡಿದ್ದೆ. ಉಬ್ಬರ ಇಳಿತದ ಹೊತ್ತು ನೋಡಿಕೊಂಡಿರಲಿಲ್ಲ! ಐದೂವರೆಗೆ ತಲುಪಿದಾಗ ಅಲೆಗಳು ಬಂಡೆಯನ್ನು ಸುತ್ತಿ ಹೊಡೆಯುತ್ತಿದ್ದವು. ಒರತೆಯ ತೀರ್ಥಕ್ಕೆ ಅಂತ ಅಮ್ಮ ಪುಟ್ಟ ಬಾಟಲಿ ತಂದಿದ್ದಳು. ಪಾರ್ಕಿಂಗ್‌ನಿಂದ ಅಂಗಡಿ ಸಾಲಿನ ನಡುವೆ ಅಷ್ಟು ದೂರ ನಡೆದದ್ದೂ ಅವಳ ಮಂಡಿಗೆ ಬಿತ್ತು. ಮೋಡ ಬೇರೆ, ಸೂರ್ಯ ಕಾಣಲಿಲ್ಲ. ಖಾಲಿ ಬಾಟಲಿ ನೋಡಿ ನನಗೆ ಅಳು ಬಂತು. ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ, ಅದನ್ನೇ ಬಿಟ್ಟಿದ್ದೆ. ಮೊದಲೇ ನೋಡಿದ್ದರೆ ಬೇರೆ ದಿನ ಇಟ್ಟುಕೊಳ್ಳಬಹುದಿತ್ತು.

ವಾಪಸು ಬರುವಾಗ ಭಾರೀ ಟ್ರಾಫಿಕ್. ಹೋಟೆಲ್ ಸೇರಿದಾಗ ಏಳೂ ಮುಕ್ಕಾಲು, ಅಂದರೆ ಹನ್ನೆರಡು ಮುಕ್ಕಾಲು ಗಂಟೆ. ಹೆಚ್ಚಿನ ಮೂರು ಗಂಟೆಯ ದುಡ್ಡು ಕೊಟ್ಟೆ, ಮೇಲೆ ಸ್ವಲ್ಪ ಸೇರಿಸಿದೆ. ಬ್ಲಿ ಆ ನೋಟುಗಳನ್ನು ಹಣೆಗೊತ್ತಿಕೊಂಡು "ಸುಕ್ಸ್ಮ" ಅಂದರು. ಅಪ್ಪ ಕಾರಿನಿಂದ ಇಳಿಯದೆ ಇನ್ನೊಂದು ಪ್ರಶ್ನೆ ಕೇಳಿಸಿದ: ಆ ಕೆಂಪು ಭತ್ತದ ಕೊಯ್ಲು ಯಾವಾಗ? ಜುಲೈ, ಅಂದರು ಬ್ಲಿ.

ಜುಲೈನಲ್ಲಿ ವಾಟ್ಸಾಪ್‌ಗೆ ಒಂದು ಫೋಟೊ ಬಂತು. ಅದೇ ಗದ್ದೆ, ಅದೇ ಬಿದಿರಿನ ಗುಡಿ, ಅಂಚಿನ ಮೇಲೆ ಸಿವುಡು ಕಟ್ಟಿ ಸಾಲಾಗಿಟ್ಟ ತೆನೆ. ಸಾಗರಕ್ಕೆ ಕಳಿಸಿದೆ. ಅಪ್ಪನ ಫೋನ್ ಬರಲು ಅರ್ಧ ಗಂಟೆ ಹಿಡಿಯಿತು, ದೊಡ್ಡದು ಮಾಡಿ ಮಾಡಿ ನೋಡಿದ್ದಾನೆ.

"ಒಂದು ವಾರ ಬೇಗ ಕೊಯ್ದಿದ್ದಾರೆ ಕಣೇ," ಅಂದ. "ಬ್ಲಿಗೆ ಹೇಳು."